ಹಿಂಗಾಲಿಲ್ಲದ ಕುದುರೆಯ ದಳವಾಯಿ

ನಮ್ಮ ಮನೆತನದಲ್ಲಿ ಒಬ್ಬ ದಳವಾಯಿ ಇದ್ದ ಅನ್ನುವುದು ನಮಗೆ ಗೊತ್ತಾದದ್ದು ಗೊಬ್ಬರದ ಅಂಗಡಿಯಲ್ಲಿ. ಅಲ್ಲಿಯವರೆಗೆ ನಾವು ಸುಖವಾಗಿದ್ದೆವು.

ಪಿರಿಯಾಪಟ್ಟಣದ ಆ ಅಂಗಡಿಯವನು ಹೊಗೆಸೊಪ್ಪು ಬೆಳೆಯುವ ಗಿರಾಕಿಗಳಿಗೆಲ್ಲ ವರ್ಷಾ ವರ್ಷಾ ಲಕ್ಷ್ಮಿಯದೋ ಶಿವನದೋ ಕ್ಯಾಲೆಂಡರ್ ಕೊಡುತ್ತಿದ್ದ. 1998ರಲ್ಲಿ ಅವನಿಗೆ ಅದೇನು ಬಂತೋ, ದೇವರನ್ನು ಬಿಟ್ಟು ಹಳೆಯ ಕಾಲದ ಚಿತ್ರಗಳನ್ನು ಹಾಕಿಸಿದ. ಎರಡೆರಡು ತಿಂಗಳಿಗೆ ಒಂದು ಚಿತ್ರ. ಜುಲೈ-ಆಗಸ್ಟ್ ಹಾಳೆಯಲ್ಲಿ ಕುದುರೆಯ ಮೇಲೆ ಕೂತ ಒಬ್ಬ ಸೇನಾಧಿಪತಿ. ಕೆಂಪು ಅಂಗಿ, ಸೊಂಟಕ್ಕೆ ಪಟ್ಟಿ, ಪಕ್ಕದಲ್ಲಿ ಬಾಗಿದ ಕತ್ತಿ, ತಲೆಯ ಮೇಲೆ ಕುಂಬಳಕಾಯಿ ಗಾತ್ರದ ರುಮಾಲು. ಮುಖದಲ್ಲಿ ಮೀಸೆಗಿಂತ ಒಂದು ಹೆಜ್ಜೆ ಮುಂದೆ ಮೂಗು. ಬಿಳಿಯ ಕುದುರೆ ಒಂದು ಮುಂಗಾಲು ಎತ್ತಿ ನಿಂತಿದೆ. ಹಿಂಗಾಲುಗಳಿಗೆ ಬರುವ ಹೊತ್ತಿಗೆ ಬರೆಯುವವನಿಗೆ ಬೇಜಾರಾಯಿತೋ ಊಟಕ್ಕೆ ಕರೆ ಬಂತೋ, ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ಎದ್ದುಹೋಗಿದ್ದಾನೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ‘ಕುದುರೆಯ ಮೇಲೆ ಸೇನಾಧಿಪತಿ. ಜಲವರ್ಣದ ಕರಡು ಚಿತ್ರ. ಹತ್ತೊಂಬತ್ತನೆಯ ಶತಮಾನ. ಹೆಸರು ತಿಳಿದಿಲ್ಲ.’

ಹೆಸರು ತಿಳಿದಿಲ್ಲ ಅಂದರೆ ನಮ್ಮ ಕಡೆ ಗೋಮಾಳ ಇದ್ದ ಹಾಗೆ. ಯಾರು ಮೊದಲು ಬೇಲಿ ಹಾಕುತ್ತಾರೋ ಅವರದು.

ಬೇಲಿ ಹಾಕಿದವನು ನನ್ನ ಅಣ್ಣ ತಿಮ್ಮಯ್ಯ. ಯೂರಿಯಾ ತರಲು ಹೋಗಿದ್ದ. ಅಂಗಡಿಯವನು ಕ್ಯಾಲೆಂಡರ್ ಸುತ್ತಿಕೊಡುತ್ತ, “ಅಣ್ಣಾ, ಇವ್ನ್ಯಾರೋ ಥೇಟ್ ನಿಮ್ಮಂಗೇ ಅವ್ನಲ್ಲಾ! ಆ ಮೂಗು ನೋಡ್ರಿ” ಅಂದನಂತೆ. ಇನ್ನೊಬ್ಬನಾಗಿದ್ದರೆ ನಕ್ಕು ಮೂಟೆ ಹೊರುತ್ತಿದ್ದ. ಅಣ್ಣ ನಗಲಿಲ್ಲ. ನಮ್ಮ ಮನೆಯ ಮೂಗಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದು ನಮ್ಮಪ್ಪನಿಗಿತ್ತು, ಅಣ್ಣನಿಗಿದೆ, ನನಗೂ ಇದೆ. ಅದನ್ನು ನೋಡಿಯೇ ನನಗೆ ಬಂದ ಸಂಬಂಧಗಳು ಬಾಗಿಲಿನಿಂದ ವಾಪಸ್ಸು ಹೋದವು. ನಾನು ಮದುವೆಯ ಗೊಡವೆ ಬಿಟ್ಟು ಕಂಪಲಾಪುರದ ಶಾಲೆಯಲ್ಲಿ ಟೀಚರಾದೆ, ಅಣ್ಣನ ಮನೆಯ ಪಕ್ಕದಲ್ಲೇ ಒಂದು ಮನೆ ಕಟ್ಟಿಕೊಂಡೆ. ಊರಿಗೆಲ್ಲ ನಾನು ರಾಣಿ ಟೀಚರ್. ಅಂಥ ಮೂಗನ್ನು ಮೊದಲ ಬಾರಿಗೆ ಹೊಗಳಿದವನು ಆ ಗೊಬ್ಬರದಂಗಡಿಯವನು, ಅದೂ ಯೂರಿಯಾ ಮಾರುವ ಭರದಲ್ಲಿ.

ಅಣ್ಣ ಆ ಹಾಳೆ ಕತ್ತರಿಸಿ, ಗಾಜು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ. ‘ಹೆಸರು ತಿಳಿದಿಲ್ಲ’ ಅನ್ನುವ ಸಾಲು ಫ್ರೇಮಿನ ಪಟ್ಟಿಯ ಕೆಳಗೆ ಸರಿಯಾಗಿ ಮುಚ್ಚಿಹೋಯಿತು.

“ಕುದುರೆಗೆ ಹಿಂಗಾಲೇ ಇಲ್ಲವಲ್ಲಣ್ಣ” ಅಂದೆ.

“ಅಷ್ಟು ಸ್ಪೀಡು ಕಣೇ! ಬರೆಯೋನ ಕಣ್ಣಿಗೆ ಕಾಣ್ಬೇಕಲ್ಲ?” ಅಂದ.

“ಕಾಲಡಿ ಹಸುರು ಬಳಿದವ್ನಲ್ಲ, ಅದು ಯಾರದೋ ರಾಗಿ ಹೊಲ. ನಮ್ಮ ಮುತ್ತಾತ ಆ ಹೊಲದವನೇ ಇರಬೇಕು. ನಿನ್ನ ಸೇನಾಧಿಪತಿ ಪೈರು ತುಳಿಸಿಕೊಂಡು ಹೋಗ್ತಾವ್ನೆ.”

“ನಿನಗೆ ಪಾಠ ಹೇಳಿ ಹೇಳಿ ತಲೆ ಕೆಟ್ಟದೆ ಬುಡು” ಅಂದು ಅಣ್ಣ ಗಾಜು ಒರೆಸಿದ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಗಂಡಸರು ಗೋಡೆಯ ಮೇಲೆ ಏನಾದರೂ ನೇತುಹಾಕಿಕೊಂಡು ಕೂರಲಿ, ಯಾರಿಗೇನು. ಆದರೆ ಅಣ್ಣನಿಗೆ ಒಬ್ಬಳೇ ಮಗಳು, ರಾಧಾ. ನಾನು ಎತ್ತಿ ಆಡಿಸಿದ ಹುಡುಗಿ, ನಮ್ಮ ಮೂಗು ಬರದೆ ಪಾರಾದವಳು. ಅವಳಿಗೂ ನಮ್ಮ ಬೀದಿಯ ಕೊನೆಮನೆಯ ಸಣ್ಣಯ್ಯನ ಮಗ ನಟರಾಜುವಿಗೂ ಹುಣಸೂರಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ಮನಸ್ಸು ಕೂಡಿತ್ತು. ಕದ್ದುಮುಚ್ಚಿ ಏನಿಲ್ಲ. ಅವನು ಸೀಟು ಹಿಡಿಯುತ್ತಿದ್ದ, ಇವಳು ಕೂರುತ್ತಿದ್ದಳು, ಇಡೀ ಬಸ್ಸು ನೋಡುತ್ತಿತ್ತು. ಸಣ್ಣಯ್ಯನ ಅಪ್ಪ ಕೆ.ಆರ್. ನಗರದ ನಾಲೆ ಬಯಲಿನಿಂದ ಬಂದು ನಮ್ಮ ಕೊಪ್ಪಲಿನಲ್ಲಿ ಹೊಲ ಕೊಂಡವನು. ಜಾತಿ ಒಂದೇ, ಮೂಲ ಬೇರೆ. ಕೊಟ್ಟು ತರಲು ಏನೂ ಅಡ್ಡಿ ಇರಲಿಲ್ಲ. ಆ ಶ್ರಾವಣದಲ್ಲಿ ನಿಶ್ಚಿತಾರ್ಥವಾಯಿತು. ಹೊಗೆಸೊಪ್ಪು ಹರಾಜು ಮುಗಿದು ವೈಶಾಖಕ್ಕೆ ಮದುವೆ ಅಂದರು. ರಾಧಾ ಉಂಗುರದ ಕೈಯನ್ನು ಸುಮ್ಮಸುಮ್ಮನೆ ಕೆನ್ನೆಗೆ ಒತ್ತಿಕೊಳ್ಳುತ್ತ ಮನೆ ತುಂಬ ಓಡಾಡುತ್ತಿದ್ದಳು. ನನಗೆ ನೋಡಿ ನೋಡಿ ಹೊಟ್ಟೆ ತುಂಬುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರ ಹಬ್ಬ. ಸತ್ತವರ ಫೋಟೊ ಸಾಲಾಗಿಟ್ಟು, ಅವರವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಎಡೆ ಇಕ್ಕಿ, ಬಾಗಿಲು ಮುಚ್ಚಿ ಕಾಯುತ್ತೇವೆ. ಅಪ್ಪನಿಗೆ ಬೀಡಿಕಟ್ಟು, ತಾತನಿಗೆ ಹೆಂಡ, ಅವ್ವನಿಗೆ ಎಲೆಅಡಿಕೆ ಮತ್ತು ಕಡ್ಲೆಪುರಿ. ಆ ವರ್ಷ ಸಾಲಿನ ನಡುವೆ ಸೇನಾಧಿಪತಿ ಬಂದು ಕೂತ.

ಅತ್ತಿಗೆ ಸುನಂದಮ್ಮ ಸೌಟು ಹಿಡಿದುಕೊಂಡೇ ಕೇಳಿದಳು, “ಇವ್ರಿಗೆ ಏನಿಕ್ಕಲಿ? ಮುದ್ದೆ ಉಂತಾರಾ?”

“ಕುದ್ರೆ ಮೇಲೆ ಕೂತೋನು ಮುದ್ದೆ ಉಂತಾನೇನೇ? ಬಿರಿಯಾನಿ ತರಿಸಿವ್ನಿ, ಹುಣಸೂರಿಂದ.”

“ಮಾವನ ಫೋಟೊಗೆ ಜಾಗ ಸಾಲ್ದು.”

“ಒಸಿ ಆಚೆಗೆ ಸರಿಸು.”

ಹೀಗೆ, ನಮ್ಮನ್ನು ಹೆಗಲ ಮೇಲೆ ಹೊತ್ತು ಸಾಕಿದ ನಮ್ಮಪ್ಪ ಬೀಡಿಕಟ್ಟಿನ ಸಮೇತ ಅಡುಗೆಮನೆಯ ಬಾಗಿಲಿಗೆ ಸರಿದ. ಗೊಬ್ಬರದಂಗಡಿಯಿಂದ ಬಂದವನ ಮುಂದೆ ಬಿರಿಯಾನಿ ಹೊಗೆಯಾಡಿತು. ಕುದುರೆಯನ್ನೂ ಮರೆಯಲಿಲ್ಲ, ಅದಕ್ಕೊಂದು ಬೋಸಿಯಲ್ಲಿ ನೆನೆಸಿದ ಹುರುಳಿ.

ಬೀಗರನ್ನು ಊಟಕ್ಕೆ ಕರೆದಿದ್ದೆವು. ಸಣ್ಣಯ್ಯ ಬಂದವನೇ ಫೋಟೊ ಮುಂದೆ ನಿಂತುಬಿಟ್ಟ. ಅಣ್ಣ ಬೇರೆ ಪಕ್ಕದಲ್ಲಿ ನಿಂತು ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡ, ಮೂಗು ಹೊಂದಿಸಿ ನೋಡಲಿ ಎಂದು. ಸಣ್ಣಯ್ಯನಿಗೆ ಅನ್ನ ಇಳಿಯಲಿಲ್ಲ. ಅವನ ಲೆಕ್ಕದಲ್ಲಿ ಗಂಡಿನ ಅಪ್ಪ ಅಂದರೆ ಹೆಣ್ಣಿನ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ನಾಲೆ ನೀರು ಕುಡಿದು ಬಂದ ಮನೆ ಬೇರೆ. ಈಗ ನೋಡಿದರೆ ಹೆಣ್ಣಿನ ಅಪ್ಪ ಕುದುರೆ ಏರಿಬಿಟ್ಟಿದ್ದಾನೆ. ಎಲೆ ಮಡಿಸಿ ಏಳುವಾಗ “ಫೋಟೊ ಯಾರ ಮನೇಲಾದ್ರೂ ಇರ್ತದೆ ಬೀಗ್ರೆ. ವಂಶದಲ್ಲಿ ಇರಬೇಕಲ್ಲ?” ಎಂದು ಒಂದು ಮಾತು ಬಿಟ್ಟು ಹೋದ.

ಆ ಮಾತು ಅಣ್ಣನ ಗಂಟಲಲ್ಲಿ ಮುಳ್ಳಾಗಿ ಕೂತಿತು. ಸುಗ್ಗಿ ಮುಗಿಯುವವರೆಗೂ ಅವನು ಹೆಳವನ ದಾರಿ ಕಾದ.

ಹೆಳವರು ವಂಶ ಹೇಳುವವರು. ಸುಗ್ಗಿಯಾದ ಮೇಲೆ ಎತ್ತು ಏರಿ, ಗಂಟೆ ಬಾರಿಸುತ್ತ ಬಂದು, ಬಾಗಿಲಲ್ಲಿ ನಿಂತು ನಮ್ಮ ತಲೆಮಾರುಗಳ ಹೆಸರನ್ನು ಬಾಯಲ್ಲೇ ಒಪ್ಪಿಸುತ್ತಾರೆ. ರಾಗಿ, ಕಂಬಳಿ, ಕೊಡುವ ಮನಸ್ಸಿದ್ದರೆ ಕರು ಪಡೆದು ಹೋಗುತ್ತಾರೆ. ಯಾವ ಮನೆಗೆ ಯಾವ ಮನೆ ದಾಯಾದಿ, ಯಾರಿಗೆ ಹೆಣ್ಣು ಕೊಡಬಹುದು, ಯಾರಿಗೆ ಕೂಡದು ಅನ್ನುವುದಕ್ಕೆಲ್ಲ ನಮ್ಮಲ್ಲಿ ಅವರ ಮಾತೇ ಕಡೆಯದು. ನಮ್ಮ ಕೊಪ್ಪಲಿಗೆ ಬರುವವನು ಕಂಠಪ್ಪ. ಅವನ ಅಪ್ಪನೂ ನಮ್ಮ ಬಾಗಿಲಿಗೇ ಬರುತ್ತಿದ್ದ.

ಕಂಠಪ್ಪ ಎತ್ತಿನ ಮೇಲೆ ಕೂತೇ ರಾಗವಾಗಿ ಶುರುಮಾಡಿದ. ತಿಮ್ಮಯ್ಯನ ಅಪ್ಪ ದೊಡ್ಡಯ್ಯ, ಅವನ ಅಪ್ಪ ಕರಿಯಯ್ಯ, ಅವನ ಅಪ್ಪ ಕುಳ್ಳಯ್ಯ. ಕುಳ್ಳಯ್ಯ ಮಕ್ಕಳನ್ನು ಕುಕ್ಕೆಯಲ್ಲಿ ಹೊತ್ತುಕೊಂಡು ಬಂದು, ಮುಳ್ಳುಕಾಡು ಸವರಿ, ಹುಲಿಗೆ ಎರಡು ಎತ್ತು ಕೊಟ್ಟು ಈ ಹೊಲ ಮಾಡಿದ. ಕೇಳುತ್ತ ನನಗೆ ಮೈ ಜುಮ್ಮೆಂದಿತು. ಎಂಥ ಮನುಷ್ಯ!

“ಅವ್ನಿಗಿಂತ ಇಂದೆ?” ಅಂದ ಅಣ್ಣ.

“ಅಲ್ಲಿಗೆ ಮುಗೀತು ಗೌಡ. ಅದಕ್ಕಿಂತ ಇಂದೆ ನಮ್ಮಪ್ಪ ಯೋಳ್ಕೊಟ್ಟಿಲ್ಲ.”

“ಗ್ಯಾನ ಮಾಡ್ಕೊ ಕಂಠಪ್ಪ. ಕುದ್ರೆ, ಕತ್ತಿ, ಕೆಂಪಂಗಿ... ಯಾವನಾದ್ರೂ ದಳವಾಯಿ?”

ಕಂಠಪ್ಪ ಇಲ್ಲ ಅನ್ನುವಂತೆ ತಲೆ ಆಡಿಸಿದ. ಅಣ್ಣ ಕೊಟ್ಟಿಗೆಯಿಂದ ಬಿಳಿ ಹೆಣ್ಣುಗರುವನ್ನು ಹಿಡಿದುತಂದು ಅಂಗಳದಲ್ಲಿ ಕಟ್ಟಿದ. ಕಂಠಪ್ಪ ಕರುವನ್ನು ನೋಡಿದ. ಕರು ಕಂಠಪ್ಪನನ್ನು ನೋಡಿತು. ಕಂಠಪ್ಪ ಕಣ್ಣು ಮುಚ್ಚಿ ಗಂಟೆ ಆಡಿಸಿದ ಮೇಲೆ ಹೊಸ ರಾಗ ಬಂತು. ಕುಳ್ಳಯ್ಯನ ಅಪ್ಪ ದಳವಾಯಿ ಕೆಂಚರಾವುತ. ಅವನ ಕುದುರೆ ಬಿಳಿ, ಅಂಗಿ ಕೆಂಪು. ಅವನು ಮೂಗು ಎತ್ತಿದರೆ ದಂಡು ಹೊರಡುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು. ದಳವಾಯಿಯ ಮಗ ಮಕ್ಕಳನ್ನು ಕುಕ್ಕೆಯಲ್ಲಿ ಯಾಕೆ ಹೊತ್ತುಕೊಂಡು ಬಂದ ಎಂದು ನಾನು ಕೇಳಿದೆ. ಅಣ್ಣ ನನ್ನನ್ನು ಒಳಗೆ ಹೋಗು ಅಂದ.

ಕರು ಬೀದಿಯಲ್ಲಿ ಹೋಗುವುದನ್ನು ಸಣ್ಣಯ್ಯ ಜಗುಲಿಯ ಮೇಲೆ ಕೂತು ನೋಡಿದ. ಕರು ಕೊಡುವಂಥ ಯಾವ ಸುದ್ದಿ ಎಂದು ವಿಚಾರಿಸಿದ. ಕೇಳಿ ತಿಳಿದವನು ಕಂಠಪ್ಪನನ್ನು ತನ್ನ ಮನೆಗೇ ಕರೆದುಕೊಂಡು ಹೋದ. ಅಲ್ಲಿ ಕರುವಿನ ಜೊತೆ ಹಸುವನ್ನೂ ಕಟ್ಟಿದನಂತೆ. ಸಣ್ಣಯ್ಯನ ಮೂಲಪುರುಷ ಯಾರು? ದಳವಾಯಿ ಕೆಂಚರಾವುತ. ಕುದುರೆ ಏರಿ ಕೆ.ಆರ್. ನಗರದ ಕಡೆ ಹೋದಾಗ ಅಲ್ಲೇ ನೆಲೆ ನಿಂತ ಹಿರಿಯ ಮಗನಿಂದ ಇವರ ಕವಲು.

ಆಮೇಲೆ ನಾನು ಕಂಠಪ್ಪನನ್ನು ತಡೆದು ನಿಲ್ಲಿಸಿ ಕೇಳಿದ್ದೇನೆ, ಹೊಸ ದಳವಾಯಿಯನ್ನಾದರೂ ಹುಟ್ಟಿಸಬಾರದಿತ್ತೇ ಮಾರಾಯ ಎಂದು. “ನಾನೇನ್ ಮಾಡ್ಲಿ ಟೀಚರಮ್ಮ. ಸಣ್ಣಯ್ಯನೋರು ಅದೇ ಕುದ್ರೆ ಬೇಕು ಅಂದ್ರು” ಅಂದ. ತಪ್ಪು ಅವನದೆನ್ನಲು ನನಗೆ ಬಾಯಿ ಬರಲಿಲ್ಲ. ಅಂಗಡಿಯವನು ಗಿರಾಕಿ ಕೇಳಿದ್ದನ್ನೇ ಕೊಡುತ್ತಾನೆ.

ಸಣ್ಣಯ್ಯ ಅಷ್ಟಕ್ಕೇ ನಿಲ್ಲಿಸಲಿಲ್ಲ. ತನ್ನ ಮನೆಗೆ ಬಂದಿದ್ದ ಕ್ಯಾಲೆಂಡರಿನ ಅದೇ ಹಾಳೆ ಹಿಡಿದು ಹುಣಸೂರಿಗೆ ಹೋಗಿ, ಟ್ರ್ಯಾಕ್ಟರ್ ಟ್ರೈಲರಿನ ಹಿಂದೆ ಚಿತ್ರ ಬರೆಯುವವನ ಕೈಲಿ ದೊಡ್ಡದಾಗಿ ಬರೆಸಿಕೊಂಡು ಬಂದ. ಆ ಪುಣ್ಯಾತ್ಮ ಹುಟ್ಟಿದಾಗಿನಿಂದ ಜೋಡೆತ್ತು ಬಿಟ್ಟು ಬೇರೇನೂ ಬರೆದವನಲ್ಲ. ಕುದುರೆಗೆ ಹಿಂಗಾಲು ಕೂಡಿಸಿದ, ಆದರೆ ಗೊರಸು ಎರಡಾಗಿ ಸೀಳಿತ್ತು. ಮುಂದಿನಿಂದ ಕುದುರೆ, ಹಿಂದಿನಿಂದ ಎತ್ತು. ಸಣ್ಣಯ್ಯ ಅದನ್ನು ಬೀದಿಗೆ ಕಾಣುವ ಹಾಗೆ ಜಗುಲಿಯ ಮೇಲೆ ನೇತುಹಾಕಿ, “ನಮ್ಮ ದಳವಾಯಿಗೆ ನಾಕೂ ಕಾಲು ಅದೆ” ಎಂದು ಹೇಳಿಕೊಂಡು ತಿರುಗಿದ.

ಇದೆಲ್ಲ ನಮಗೆ ತಮಾಷೆಯಾಗಿಯೇ ಇತ್ತು. ರಾಧಾ ಮತ್ತು ನಟರಾಜು ಇಬ್ಬರೂ ನನ್ನ ಮನೆಯ ಹಿತ್ತಿಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಟರಾಜು ಅಪ್ಪನ ನಡಿಗೆಯನ್ನು ಅಣಕಿಸಿ ತೋರಿಸಿದ. ಅಪ್ಪ ಎದುರಿಗಿಲ್ಲದಾಗ ಅವನು ಬಹಳ ಧೈರ್ಯವಂತ.

ಲಗ್ನಪತ್ರಿಕೆ ಓದುವ ದಿನ ನಗು ನಿಂತಿತು. ನಮ್ಮ ನಡುಮನೆಯಲ್ಲಿ ಎರಡು ಕಡೆಯವರೂ ಕೂತಿದ್ದರು. ಶಾಸ್ತ್ರಿಗಳು ಎದ್ದು ನಿಂತು ಗಟ್ಟಿಯಾಗಿ ಓದಿದರು: ದಳವಾಯಿ ಕೆಂಚರಾವುತ ವಂಶಸ್ಥರಾದ ತಿಮ್ಮಯ್ಯನವರ ಪುತ್ರಿ ರಾಧಾಳನ್ನು, ದಳವಾಯಿ ಕೆಂಚರಾವುತ ವಂಶಸ್ಥರಾದ ಸಣ್ಣಯ್ಯನವರ ಪುತ್ರ ನಟರಾಜುವಿಗೆ... ಅಲ್ಲಿಗೆ ಅವರ ದನಿ ತಾನಾಗಿಯೇ ಇಳಿಯಿತು.

ಊರಿಗೆಲ್ಲ ಹಿರಿಯಳಾದ ಮಲ್ಲಾಜಮ್ಮ ಕಂಬಕ್ಕೆ ಒರಗಿ ಎಲೆ ಮೆಲ್ಲುತ್ತಿದ್ದಳು. “ಇನ್ನೊಂದ್ಸಲ ಓದಿ ಸ್ವಾಮಿ” ಅಂದಳು. ಓದಿದರು. “ಅಯ್ಯೋ ಶಿವನೆ! ಅಂಗಾದ್ರೆ ದಾಯಾದಿಗಳಾದ್ರಲ್ಲ! ಅಣ್ಣತಂಗಿಗೆ ತಾಳಿ ಕಟ್ಟುಸ್ತೀರಾ?”

ಒಬ್ಬರಾದರೂ ನಕ್ಕುಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣ ಸಣ್ಣಯ್ಯನ ಮುಖ ನೋಡಿದ, ನೀನು ಬಿಡು ಅನ್ನುವ ಹಾಗೆ. ಸಣ್ಣಯ್ಯ ಅಣ್ಣನ ಮುಖ ನೋಡಿದ, ನೀನೇ ಬಿಡು ಅನ್ನುವ ಹಾಗೆ. ಬಿಡುವುದೆಂದರೆ ಏನು? ಒಂದು ಹಳೆಯ ಕ್ಯಾಲೆಂಡರಿನ ಹಾಳೆ. ಇಬ್ಬರೂ ಬಿಡಲಿಲ್ಲ. ಲಗ್ನಪತ್ರಿಕೆ ಅರ್ಧಕ್ಕೇ ನಿಂತಿತು, ಕಜ್ಜಾಯ ಮಾತ್ರ ಪೂರಾ ಖರ್ಚಾಯಿತು.

ಆ ಸಂಜೆ ನಟರಾಜು ನನ್ನ ಹಿತ್ತಿಲಿಗೆ ಬಂದ. ರಾಧಾ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. “ಹುಣಸೂರಿಗೆ ನಡೀರಿ, ರಿಜಿಸ್ಟರ್ ಮಾಡಿಸ್ಕೊಳ್ಳಿ. ಸಾಕ್ಷಿಗೆ ನಾನು ಬತ್ತೀನಿ” ಅಂದೆ. ರಾಧಾ ಕಣ್ಣೊರೆಸಿಕೊಂಡು ಆಗಲೇ ಎದ್ದು ನಿಂತಳು. ನಟರಾಜು ನೆಲ ನೋಡಿದ.

“ಅಪ್ಪನ್ನ ಒಂದು ಮಾತು ಕೇಳ್ತೀನಿ ಟೀಚರ್” ಅಂದ.

ಓಡಿಹೋಗುವುದಕ್ಕೆ ಅಪ್ಪನ ಅಪ್ಪಣೆ ಕೇಳುವ ಗಂಡನ್ನು ನಾನು ಅದೇ ಮೊದಲು ನೋಡಿದ್ದು. ರಾಧಾ ಮೆಲ್ಲಗೆ ಮತ್ತೆ ಕೂತಳು.

ನ್ಯಾಯ ಅರಳಿಕಟ್ಟೆಗೆ ಹೋಯಿತು. ಊರಿನವರು ಕಂಠಪ್ಪನನ್ನು ಕೆ.ಆರ್. ನಗರದ ಕಡೆಯಿಂದ ಹುಡುಕಿ ಕರೆಸಿದರು. ಅವನು ಕಟ್ಟೆಯ ಸುತ್ತ ಸೇರಿದ ಜನ ನೋಡಿಯೇ ಎತ್ತಿನಿಂದ ಇಳಿಯದೆ ನಿಂತ, ಬೇಕಾದರೆ ಹಾಗೇ ಹೊರಡಬಹುದಲ್ಲ ಎಂದು. ಆದರೆ ಅವನಿಗೂ ರಾಧಾಳ ಮುಖ ಕಂಡಿರಬೇಕು. ಇಳಿದು ಬಂದು ಕೈಮುಗಿದ.

“ಗೌಡ್ರೆ, ಒಂದು ದಾರಿ ಅದೆ. ಕೆಂಚರಾವುತನಿಗೆ ಒಬ್ಬ ಮಗ, ಒಬ್ಳು ಮಗ್ಳು ಅಂತ ಇಟ್ಕಳಿ. ಒಂದು ಮನೆ ಮಗನ ಕಡೇದು, ಒಂದು ಮನೆ ಮಗಳ ಕಡೇದು. ಆಗ ದಾಯಾದಿ ಆಗಾಕಿಲ್ಲ, ಸೋದರತ್ತೆ ಸೋದರಮಾವನ ಬಳಗ ಆಯ್ತದೆ. ಉಡುಗ ಉಡುಗಿ ವರಸೆಗೆ ಸರಿಯಾದ ಜೋಡಿ. ದಳವಾಯೀನೂ ಇಬ್ರಿಗೂ ಉಳೀತಾನೆ.”

ಕಟ್ಟೆ ತುಂಬ ಭೇಷ್ ಭೇಷ್ ಅಂದರು. ಮಲ್ಲಾಜಮ್ಮ ಎರಡೂ ಕೈಯಿಂದ ಅವನಿಗೆ ನೆಟಿಗೆ ಮುರಿದಳು. ನನ್ನ ಪಕ್ಕದಲ್ಲಿ ನಿಂತಿದ್ದ ರಾಧಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಚರ್ಮಕ್ಕೆ ಒತ್ತಿತು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಬಣ್ಣ ಕಂಡಿತು.

“ಸರಿ. ಮಗಳ ಕಡೆಯೋರು ಯಾರು?” ಅಂದರು ಊರ ಯಜಮಾನರು.

ಎಲ್ಲರೂ ಒಮ್ಮೆ ಅಣ್ಣನ ಕಡೆ, ಒಮ್ಮೆ ಸಣ್ಣಯ್ಯನ ಕಡೆ ತಿರುಗಿದರು.

“ನಾವಂತೂ ಅಲ್ಲ. ಮೂಗೇ ಯೋಳ್ತದೆ” ಅಂದ ಅಣ್ಣ.

“ಗಂಡಿನ ಕಡೆಯೋರು ನಾವು” ಅಂದ ಸಣ್ಣಯ್ಯ. “ಎಣ್ಣಿನಿಂದ ಬಂದೋರು ಅನ್ನಿಸ್ಕೊಂಡು ಮೀಸೆ ಬುಟ್ಕೊಂಡು ತಿರುಗಾಕಾಯ್ತದಾ? ಅದಕ್ಕಿಂತ ಮದ್ವೆ ಬ್ಯಾಡ.”

“ಬ್ಯಾಡದಿದ್ರೆ ಬ್ಯಾಡ! ನನ್ನ ಮಗಳಿಗೇನು ಗಂಡು ಸಿಕ್ಕಾಕಿಲ್ವಾ?”

ನನಗೆ ತಡೆಯಲಾಗಲಿಲ್ಲ. “ಎಣ್ಣಿನಿಂದ ಬರದೆ ನೀವಿಬ್ರೂ ಬಂದದ್ದು ಮತ್ತೆಲ್ಲಿಂದ? ಗೊಬ್ಬರದಂಗಡಿಯಿಂದಲಾ?” ಎಂದು ಕೂಗಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗಂಡಸರು, ಟೀಚರಿಗೆ ಯಾವಾಗಲೂ ಬಾಯಿ ಜಾಸ್ತಿ ಅ‌ನ್ನುವಂತೆ ತಲೆ ಆಡಿಸಿದರು. ಅಣ್ಣ ನನ್ನ ಕಡೆ ತಿರುಗಲೂ ಇಲ್ಲ. ಅವನ ಮಗಳು ಅಲ್ಲೇ ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಎಂದೋ ಸತ್ತುಹೋದ, ನಿಜಕ್ಕೆ ಹುಟ್ಟಿಯೇ ಇರದ ಒಬ್ಬ ಹೆಂಗಸಿನಿಂದ ಬಂದವರು ಅನ್ನಿಸಿಕೊಂಡರೆ ಬದುಕಿರುವ ಮಗಳ ಬಾಳು ನೆಟ್ಟಗಾಗುತ್ತಿತ್ತು. ಅಷ್ಟನ್ನು ಅವನು ಕೊಡಲಿಲ್ಲ. ಅವನು ನನ್ನ ಒಡಹುಟ್ಟಿದವನು. ಆದರೂ ಇದನ್ನು ನಾನು ಕ್ಷಮಿಸಿಲ್ಲ.

ರಾಧಾ ನನ್ನ ಕೈ ಬಿಟ್ಟು ಮುಂದೆ ಹೋದಳು. ನಟರಾಜು ಅಪ್ಪನ ಹಿಂದೆ ಚೂರು ಮರೆಯಾಗಿ ನಿಂತಿದ್ದ.

“ನಟರಾಜು, ನೀನು ನಂಗೆ ಅಣ್ಣನಾ?”

ಅವನು ಬಾಯಿ ತೆರೆದ, ಅಪ್ಪನ ಕಡೆ ನೋಡಿದ. ಸಣ್ಣಯ್ಯ ಮೀಸೆಯ ಮೇಲೆ ಕೈಯಿಟ್ಟುಕೊಂಡು ಎತ್ತಲೋ ನೋಡುತ್ತಿದ್ದ. ನಟರಾಜು ಬಾಯಿ ಮುಚ್ಚಿದ.

“ಅಂಗಾದ್ರೆ ಆಯ್ತು ಬುಡು” ಅಂದಳು ರಾಧಾ. ಉಂಗುರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಅವಳ ಪ್ರತಿಯೊಂದು ಮಾತೂ ಎಲ್ಲರಿಗೂ ಕೇಳಿಸಿತು. “ನಂಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ನಾಳೆ ನನ್ನ ಮದ್ವೇಲಿ ಬೊಗಸೆಗೆ ಅರಳು ಉಯ್ಯಾಕೆ ಅಣ್ಣ ಬೇಕು. ನೀನೇ ಬರ್ಬೇಕು. ಮರೀಬ್ಯಾಡ ಅಣ್ಣ.”

ಅಣ್ಣ ಅನ್ನುವ ಮಾತನ್ನು ಅವಳು ಅವನ ಕೆನ್ನೆಗೆ ಹೊಡೆದ ಹಾಗೆ ಹೇಳಿದಳು. ಅವನು ಉಂಗುರ ಹಿಡಿದುಕೊಂಡು ನಿಂತೇ ಇದ್ದ. ಕಂಠಪ್ಪ ಎತ್ತು ಏರಿ ಯಾರ ಮುಖವನ್ನೂ ನೋಡದೆ ಹೊರಟುಹೋದ.

ರಾಧಾಳಿಗೆ ಆಮೇಲೆ ಗಂಡು ಬಂದದ್ದು ಎಚ್.ಡಿ. ಕೋಟೆ ಕಡೆಯ ಹಂಪಾಪುರದಿಂದ. ಹೆಸರು ಶಿವಶಂಕರ, ಬೇಸಾಯಗಾರ. ಮೈಸೂರು ಸಂತೆಗೆ ಬಾಳೆಗೊನೆ ಹಾಕುತ್ತಿದ್ದ. ನೋಡಲು ಬಂದ ದಿನ ರಾಧಾ ಕಾಫಿ ಕೊಟ್ಟು ಒಂದೇ ಮಾತು ಕೇಳಿದಳು, “ನಿಮ್ಮ ಮುತ್ತಾತ ಯಾರು?”

ಅವನು ಕಕ್ಕಾಬಿಕ್ಕಿಯಾದ. “ಗೊತ್ತಿಲ್ಲ ಕಣ್ರೀ. ನಮ್ಮ ತಾತನ ಎಸ್ರೇ ಸರಿಯಾಗಿ ಗ್ಯಾನ ಇಲ್ಲ.”

“ನಂಗೆ ಒಪ್ಪಿಗೆ” ಅಂದಳು ರಾಧಾ.

ಅವಳು ಮನಸ್ಸಾರೆ ಒಪ್ಪಿದಳೋ ಹಟಕ್ಕೆ ಒಪ್ಪಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಡುಗ ಮಾತ್ರ ಒಳ್ಳೆಯವನು. ಮಾತು ಕಡಿಮೆ, ಮೂಗು ಇನ್ನೂ ಕಡಿಮೆ.

ಮದುವೆ ಹತ್ತಿರ ಬಂದಂತೆ ಊರಿಗೆ ಅರಳಿನ ಮಾತು ಜ್ಞಾಪಕಕ್ಕೆ ಬಂತು. ನಮ್ಮಲ್ಲಿ ಹೋಮದ ಮುಂದೆ ಹೆಣ್ಣಿನ ಬೊಗಸೆಗೆ ಬತ್ತದ ಅರಳು ಹೊಯ್ಯುವುದು ಅವಳ ಅಣ್ಣತಮ್ಮಂದಿರ ಕೆಲಸ. ಒಡಹುಟ್ಟಿದವರಿಲ್ಲದಿದ್ದರೆ ದಾಯಾದಿಯ ಮಗ. ನಾನು ಅಂದುಕೊಂಡೆ, ಇಷ್ಟಾದ ಮೇಲೆ ಸಣ್ಣಯ್ಯ ಮಗನನ್ನು ಕಳಿಸುವುದುಂಟೇ ಎಂದು. ನನಗೆ ಗಂಡಸರ ಮೂರ್ಖತನದ ಆಳ ಇನ್ನೂ ತಿಳಿದಿರಲಿಲ್ಲ. ಕಳಿಸದಿದ್ದರೆ ದಾಯಾದಿ ಅಲ್ಲ ಎಂದು ಒಪ್ಪಿಕೊಂಡ ಹಾಗೆ. ದಾಯಾದಿ ಅಲ್ಲ ಅಂದರೆ ದಳವಾಯಿ ಕೈಬಿಟ್ಟ ಹಾಗೆ. “ಓಗ್ಲೇಬೇಕು. ನಮ್ಮ ಅಕ್ಕು ಅದು” ಅಂದನಂತೆ ಸಣ್ಣಯ್ಯ. ಈ ಕಡೆ ಅಣ್ಣನಿಗೂ ಖುಷಿ, ಸಣ್ಣಯ್ಯನ ಮಗ ತನ್ನ ಚಪ್ಪರದಲ್ಲಿ ನಿಂತು ಸೇವೆ ಮಾಡುತ್ತಾನೆ ಎಂದು. ಗೆದ್ದದ್ದು ತಾನೇ ಎಂದು ಇಬ್ಬರೂ ಬೀಗಿದರು.

ಧಾರೆಯ ದಿನ ನಟರಾಜು ಬಂದ. ಹೊಸ ಪಂಚೆ, ಹೊಸ ಶಲ್ಯ, ಕ್ಷೌರ ಮಾಡಿಸಿಕೊಂಡ ಮುಖ. ಮದುಮಗನ ಹಾಗೇ ಇದ್ದ. ತಾಳಿ ಕಟ್ಟುವಾಗ ಚಪ್ಪರದ ಕಂಬ ಹಿಡಿದುಕೊಂಡು ನಿಂತಿದ್ದ. ಆಮೇಲೆ ಶಾಸ್ತ್ರಿಗಳು “ಹೆಣ್ಣಿನ ಅಣ್ಣ ಬರಬೇಕು” ಎಂದು ಕರೆದರು.

ಅವನು ಅರಳಿನ ತಟ್ಟೆ ಹಿಡಿದು ರಾಧಾಳ ಪಕ್ಕಕ್ಕೆ ಬಂದು ನಿಂತ. ಶಿವಶಂಕರ ಹಿಂದಿನಿಂದ ಅವಳ ಬೊಗಸೆಗೆ ಆಸರೆಯಾಗಿ ಕೈ ಕೊಟ್ಟ. ಅದಕ್ಕೆ ನಟರಾಜು ಅರಳು ಹೊಯ್ಯಬೇಕು. ಹೊಯ್ದ. ಅರ್ಧ ಅವಳ ಕೈಗೆ ಬಿತ್ತು, ಅರ್ಧ ನೆಲಕ್ಕೆ. ಎರಡನೆಯ ಸಲ ಪೂರಾ ನೆಲಕ್ಕೇ ಬಿತ್ತು. ಅವನ ಕಣ್ಣು ತುಂಬಿ ಅವಳ ಕೈ ಎಲ್ಲಿದೆ ಎಂದೇ ಅವನಿಗೆ ಕಾಣುತ್ತಿರಲಿಲ್ಲ.

ಅರಳಿಕಟ್ಟೆಯಲ್ಲಿ ಆಡಿದಂಥ ಮಾತು ರಾಧಾಳಿಂದ ಇನ್ನೊಂದು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ರಾಧಾ ಬೊಗಸೆಯನ್ನು ಅವನ ತಟ್ಟೆಯ ಅಂಚಿನವರೆಗೂ ಎತ್ತಿ ಹಿಡಿದಳು. “ಇಲ್ಲಿ ಅದೆ ನೋಡು ನನ್ ಕೈ” ಅಂದಳು, ಅವನಿಗಷ್ಟೇ ಕೇಳುವ ಹಾಗೆ. ಹತ್ತಿರ ಇದ್ದದ್ದರಿಂದ ನನಗೂ ಕೇಳಿತು. ನಟರಾಜು ತಟ್ಟೆಯನ್ನು ಎದೆಗೆ ಒತ್ತಿಕೊಂಡು, ಅಷ್ಟು ಜನರ ಮುಂದೆ, ಬಿಕ್ಕಿ ಬಿಕ್ಕಿ ಅಳತೊಡಗಿದ.

ಹಂಪಾಪುರದ ಕಡೆಯ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಏನ್ ಕರುಳು ಅಂತೀನಿ! ಒಡಹುಟ್ಟಿದೋರೂ ಇಂಗೆ ಅಳಾಕಿಲ್ಲ. ಸ್ವಂತ ಅಣ್ಣನಾ?”

ಅಣ್ಣ ಶಲ್ಯ ಸರಿಮಾಡಿಕೊಂಡು ಮುಂದೆ ಬಂದ. ಎದುರಿನ ಸಾಲಿನಿಂದ ಸಣ್ಣಯ್ಯನೂ ಎದ್ದು ಬಂದು ಅವನ ಪಕ್ಕ ನಿಂತ. ಇಬ್ಬರ ಮುಖವೂ ಹೆಮ್ಮೆಯಿಂದ ಬೆಳಗುತ್ತಿತ್ತು.

“ದಾಯಾದಿ ಅಣ್ಣ ಕಣಮ್ಮ” ಅಂದ ನನ್ನ ಅಣ್ಣ. “ಆದ್ರೂ ನೋಡಿ, ದಳವಾಯಿ ರಕ್ತ. ಎಂಗೆ ಎಳೀತದೆ.”